ಮಂದ್ರದ ತಂತಿಗೆ ಬಣ್ಣದ ಬೆಳಕು

ಗಣೇಶನ ಹಬ್ಬ ಬಂದು ರಾಜ್ಯೋತ್ಸವ ಕಳೆಯುವವರೆಗೆ ಮಂಡ್ಯ, ಮದ್ದೂರು, ಮಳವಳ್ಳಿಗಳ ಬೀದಿಗಳಲ್ಲಿ ರಸಮಂಜರಿ ಕಾರ್ಯಕ್ರಮಗಳಿಗೆ ಬಿಡುವಿಲ್ಲ. ‘ರಸಮಂಜರಿ’ ಎಂಬುದು ಮೂಲತಃ ಭಾನುದತ್ತನೆಂಬ ಪಂಡಿತನು ನಾಯಕ ನಾಯಿಕೆಯರ ಲಕ್ಷಣವನ್ನು ಕುರಿತು ಸಂಸ್ಕೃತದಲ್ಲಿ ಬರೆದ ಗ್ರಂಥದ ಹೆಸರು. ಅದು ಎಲ್ಲಿಂದ ಎಲ್ಲಿಗೆ ಬಂದಿತೋ ನೋಡಿ. ಇಂದು ಚಲನಚಿತ್ರ ಗೀತೆಗಳ ವಾದ್ಯಗೋಷ್ಠಿಗೆ ಆ ಹೆಸರು ನಿಂತುಹೋಗಿದೆ. ಆ ಗೋಷ್ಠಿಯ ವೇದಿಕೆಯ ಹಿಂಭಾಗದಲ್ಲಿ, ಡ್ರಮ್ಸ್ ಬಾರಿಸುವವನ ಪಕ್ಕದಲ್ಲಿ, ಉದ್ದ ಕೊರಳಿನ ವಾದ್ಯವೊಂದನ್ನು ಹೆಗಲಿಗೆ ತಗುಲಿಸಿಕೊಂಡು ಒಬ್ಬ ಯುವಕ ನಿಂತಿರುತ್ತಾನೆ. ಅವನ ಕೈಯಲ್ಲಿರುವುದು ಬೇಸ್ ಗಿಟಾರ್. ಈಚೆಗೆ ಕೆಲವರ ವಾದ್ಯದ ಕೊರಳಿನ ಅಂಚಿನಲ್ಲೋ ಒಡಲಿನ ಸುತ್ತಲೋ ಚಿಕ್ಕ ಚಿಕ್ಕ ದೀಪಗಳು ಕಾಣತೊಡಗಿವೆ. ಅವು ಕೆಂಪಿನಿಂದ ನೀಲಿಗೆ, ನೀಲಿಯಿಂದ ಹಸಿರಿಗೆ ತಾವಾಗಿಯೇ ತಿರುಗುತ್ತಿರುತ್ತವೆ.

ಇದನ್ನು ಕಂಡ ಹಿರಿಯರು, ‘ಹಾಡು ಕೇಳೋಕೆ ಬಂದಿದ್ದೀವೋ, ದೀಪಾವಳಿ ನೋಡೋಕೆ ಬಂದಿದ್ದೀವೋ?’ ಎಂದು ಗೊಣಗುವುದುಂಟು. ಆ ಮಾತಿನಲ್ಲಿ ತಪ್ಪೇನೂ ಇಲ್ಲ. ವಾದ್ಯಕ್ಕೆ ಬೇಕಾದದ್ದು ನಾದ, ಬೆಳಕು ಏತಕ್ಕೆ? ಆದರೂ ಇದನ್ನು ಹುಡುಗಾಟವೆಂದು ತಳ್ಳಿಹಾಕುವ ಮೊದಲು ಇದರ ಪೂರ್ವಚರಿತ್ರೆಯನ್ನು ಒಂದಿಷ್ಟು ನೋಡುವುದು ಒಳ್ಳೆಯದು. ಆ ಚರಿತ್ರೆಯ ಒಂದು ಎಳೆ ಅಮೆರಿಕದಲ್ಲಿದೆ, ಒಂದು ಯೂರೋಪಿನಲ್ಲಿದೆ, ಒಂದು ನಮ್ಮ ಪ್ರಾಚೀನ ಸಂಗೀತಶಾಸ್ತ್ರದಲ್ಲಿದೆ. ಮತ್ತೊಂದು ಎಳೆ ಮಳವಳ್ಳಿ ತಾಲ್ಲೂಕಿನ ಕಾವೇರಿಯ ಕಣಿವೆಯಲ್ಲಿದೆ.

ಮೊದಲು ವಾದ್ಯದ ವಿಚಾರ. ಸಾಮಾನ್ಯ ಗಿಟಾರಿಗೆ ಆರು ತಂತಿಗಳು; ಬೇಸ್ ಗಿಟಾರಿಗೆ ಸಾಧಾರಣವಾಗಿ ನಾಲ್ಕು. ಅವನ್ನು ಇ, ಎ, ಡಿ, ಜಿ ಎಂಬ ಪಾಶ್ಚಾತ್ಯ ಸ್ವರಗಳಿಗೆ ಕೂಡಿಸುತ್ತಾರೆ. ಎಲ್ಲಕ್ಕಿಂತ ದಪ್ಪನೆಯ ತಂತಿ ಸೆಕೆಂಡಿಗೆ ಸುಮಾರು ೪೧ ಸಲ ಕಂಪಿಸುತ್ತದೆ. ಎಲ್ಲಕ್ಕಿಂತ ತೆಳ್ಳನೆಯದು ೯೮ ಸಲ. ನಮ್ಮವರ ಮಾತಿನಲ್ಲಿ ಹೇಳುವುದಾದರೆ ಇದರ ಸಂಚಾರವೆಲ್ಲ ಮಂದ್ರದಲ್ಲಿ, ಅದಕ್ಕೂ ಕೆಳಗಿನ ಅನುಮಂದ್ರದಲ್ಲಿ. ಹಿಂದೆ ಈ ಕೆಲಸವನ್ನು ಆಳೆತ್ತರದ ಡಬಲ್ ಬೇಸ್ ಮಾಡುತ್ತಿತ್ತು. ಅದನ್ನು ಊರಿಂದೂರಿಗೆ ಸಾಗಿಸುವುದು ಕಷ್ಟ. ತುತ್ತೂರಿ, ಡ್ರಮ್ಮುಗಳ ಗದ್ದಲದ ನಡುವೆ ಅದರ ದನಿ ಕೇಳಿಸುವುದು ಇನ್ನೂ ಕಷ್ಟ. ಅಮೆರಿಕದ ಸಿಯಾಟಲ್ ನಗರದ ಪಾಲ್ ಟುಟ್‌ಮಾರ್ಕ್ ಎಂಬಾತ ೧೯೩೦ರ ದಶಕದಲ್ಲಿಯೇ ಗಿಟಾರಿನಂತೆ ಅಡ್ಡಲಾಗಿ ಹಿಡಿದು ನುಡಿಸಬಹುದಾದ ವಿದ್ಯುತ್ ಬೇಸ್ ಒಂದನ್ನು ಮಾಡಿದ. ೧೯೫೧ರಲ್ಲಿ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ‘ಪ್ರಿಸಿಷನ್ ಬೇಸ್’ ಎಂಬುದನ್ನು ಮಾರುಕಟ್ಟೆಗೆ ತಂದ ಮೇಲೆ ಈ ವಾದ್ಯ ಲೋಕದಲ್ಲೆಲ್ಲ ಹಬ್ಬಿತು. ‘ಪ್ರಿಸಿಷನ್’ ಎಂದರೆ ಖಚಿತತೆ. ಡಬಲ್ ಬೇಸಿನ ಕೊರಳಿಗೆ ಮೆಟ್ಟಿಲುಗಳಿಲ್ಲ. ಇದಕ್ಕೆ ನಮ್ಮ ವೀಣೆಯಂತೆ ಮೆಟ್ಟಿಲುಗಳಿರುವುದರಿಂದ ಸ್ವರ ತಪ್ಪುವ ಭಯ ಕಡಿಮೆ ಎಂಬುದು ಆ ಹೆಸರಿನ ಅರ್ಥ.

ಕನ್ನಡದ ಕಿವಿಗೆ ಈ ವಾದ್ಯ ಪರಿಚಯವಾದದ್ದು ಚಲನಚಿತ್ರಗಳಿಂದ. ಜಿ. ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿ ಕೆಲಸ ಮಾಡಿದ ಇಳಯರಾಜಾ ಅವರು ಮುಂದೆ ಬೇಸ್ ಗಿಟಾರಿಗೆ ತನ್ನದೇ ಆದ ನಡಿಗೆಯನ್ನು ಕೊಟ್ಟವರೆಂದು ಪ್ರಸಿದ್ಧರಾದರು. ೧೯೮೧ರ ‘ಗೀತಾ’ ಚಿತ್ರದ ಹಾಡುಗಳನ್ನು ರೇಡಿಯೋದಲ್ಲಿ ಎಷ್ಟು ಸಾರಿ ಕೇಳಿಲ್ಲ! ಮುಂದಿನ ಸಲ ಅವು ಬಂದಾಗ ಗಾಯಕರ ದನಿಯನ್ನು ಬಿಟ್ಟು, ಅದರ ಅಡಿಯಲ್ಲಿ ಹರಿಯುವ ತಂತಿಯ ದನಿಗೆ ಕಿವಿಗೊಟ್ಟು ನೋಡಿ. ಹಾಡಿನ ಒಳಗೆ ಇನ್ನೊಂದು ಹಾಡು ನಡೆಯುತ್ತಿರುವುದು ತಿಳಿಯುತ್ತದೆ. ಆ ದನಿ ನಿಂತರೆ ಹಾಡು ನಿಲ್ಲುವುದಿಲ್ಲ. ಆದರೆ ಅಡಿಪಾಯ ತೆಗೆದ ಮನೆಯಂತೆ ಟೊಳ್ಳಾಗುತ್ತದೆ. ಅದು ಇರುವಾಗ ಯಾರೂ ಗಮನಿಸುವುದಿಲ್ಲ, ಇಲ್ಲದಾಗ ಎಲ್ಲರಿಗೂ ಏನೋ ಕೊರತೆ ಎನ್ನಿಸುತ್ತದೆ.

ನಮ್ಮ ನಾಡಿಗೆ ಈ ಬಗೆಯ ಆಧಾರನಾದ ಹೊಸತೇನಲ್ಲ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ ಮಂಟೇಸ್ವಾಮಿ ಪರಂಪರೆಯ ದೊಡ್ಡ ನೆಲೆ. ಆ ಪರಂಪರೆಯ ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಕಥೆ ಹಾಡುವವರು. ತಂಬೂರಿ ಮೀಟು ಬಿಡದೆ ನಡೆಯುತ್ತಿದ್ದರೆ ಕಥೆ ಎಲ್ಲಿಗೆ ಬೇಕಾದರೂ ಹೋಗಿ ಮರಳಿ ಬರಬಹುದು. ಜೊತೆಯಲ್ಲಿ ಸೊಲ್ಲು ಸೇರಿಸುವವರು ಹಿಮ್ಮೇಳದವರು. ಈ ಕಾವ್ಯದಲ್ಲಿ ಮಂಟೇಸ್ವಾಮಿಯನ್ನು ‘ಪರಂಜ್ಯೋತಿ’ ಎಂದು ಕರೆಯುವುದನ್ನು ಕೇಳಿದವರೆಲ್ಲ ಬಲ್ಲರು. ಅದೇ ತಾಲ್ಲೂಕಿನ ಹಲಗೂರಿನ ಪಾಂಚಾಳರು ಸ್ವಾಮಿಗೆ ಕಬ್ಬಿಣದ ಭಿಕ್ಷೆ ಕೊಡಲು ಒಪ್ಪದೆ ಪಡಬಾರದ ಪಾಡು ಪಟ್ಟ ಪ್ರಸಂಗವೂ ಆ ಕಾವ್ಯದಲ್ಲಿದೆ. ಜ್ಯೋತಿ, ತಂತಿ, ಕಬ್ಬಿಣ ಈ ಮೂರೂ ಒಂದೇ ತಾಲ್ಲೂಕಿನ ಹಾಡಿನಲ್ಲಿ ಹೀಗೆ ಸೇರಿರುವುದು ಆಕಸ್ಮಿಕವೇ ಸರಿ. ಆದರೆ ಈಗ ಹೇಳಹೊರಟಿರುವ ಕಥೆಗೂ ಆ ಮೂರೇ ಬೇಕು.

ಕಾವೇರಿ ಶಿವನಸಮುದ್ರದಲ್ಲಿ ಎರಡಾಗಿ ಒಡೆದು ಧುಮುಕುತ್ತಾಳೆ. ಅದರಲ್ಲಿ ಗಗನಚುಕ್ಕಿ ಮಳವಳ್ಳಿಯ ಕಡೆಯದು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆ ನೀರಿನ ಬಲದಿಂದ ವಿದ್ಯುಚ್ಛಕ್ತಿ ತೆಗೆಯುವ ಯೋಜನೆ ರೂಪುಗೊಂಡಿತು. ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯರ್ ಅದರ ಹೊಣೆ ಹೊತ್ತರು. ಭಾರವಾದ ಯಂತ್ರಗಳನ್ನು ಆನೆ ಕುದುರೆಗಳಿಂದ ಎಳೆಸಿ ಕಣಿವೆಗೆ ತಂದರು. ೧೯೦೨ರ ಜೂನ್ ೩೦ರಂದು ಅಲ್ಲಿಂದ ಹೊರಟ ವಿದ್ಯುತ್ತು ೯೨ ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಅಷ್ಟು ದೂರ ವಿದ್ಯುತ್ತನ್ನು ಒಯ್ದದ್ದು ಆ ಕಾಲಕ್ಕೆ ಜಗತ್ತೇ ಮೆಚ್ಚಿದ ಸಾಹಸ. ಯೋಜನೆಯ ಕನಸು ಕಂಡ ಶೇಷಾದ್ರಿ ಅಯ್ಯರ್ ಅವರು ಮಾತ್ರ ಅದನ್ನು ನೋಡಲಿಲ್ಲ. ಅವರು ೧೯೦೧ರ ಸೆಪ್ಟೆಂಬರಿನಲ್ಲಿಯೇ ತೀರಿಕೊಂಡಿದ್ದರು. ೧೯೦೫ರ ಆಗಸ್ಟ್ ೫ರಂದು ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿತು. ೧೯೦೮ರಲ್ಲಿ ಮೈಸೂರಿಗೂ ಅದು ಬಂದಿತು.

ಮಳವಳ್ಳಿಯ ಹಳ್ಳಿಗಳಿಗೆ? ಅಲ್ಲಿ ಬುಡ್ಡಿದೀಪವೇ ಗತಿ. ತಂತಿಯ ಸಾಲು ಹೊಲಗಳ ಮೇಲೆ ಹಾದು ಹೋಯಿತು. ರೈತ ಅದನ್ನು ತಲೆಯೆತ್ತಿ ನೋಡಿ, ಮತ್ತೆ ಬಗ್ಗಿ ಕಳೆ ಕಿತ್ತ. ೧೯೪೦ರ ಸುಮಾರಿಗೆ ಅದೇ ತಾಲ್ಲೂಕಿನ ಶಿಂಷಾದಲ್ಲಿ ಇನ್ನೊಂದು ವಿದ್ಯುದಾಗಾರ ಬಂದಿತು. ಆದರೂ ಈ ಸೀಮೆಯ ಎಷ್ಟೋ ಬಡವರ ಮನೆಗಳು ಬಲ್ಬು ಕಂಡದ್ದು ಎಪ್ಪತ್ತರ ದಶಕದ ಕೊನೆಗೆ ‘ಭಾಗ್ಯಜ್ಯೋತಿ’ ಯೋಜನೆ ಬಂದು ಮನೆಗೊಂದು ದೀಪ ಕೊಟ್ಟ ಮೇಲೆ. ದೀಪದ ಬುಡದಲ್ಲಿ ಕತ್ತಲೆ ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ತರಗತಿಯಲ್ಲಿ ನಾನು ಈವರೆಗೆ ಕೊಟ್ಟಿಲ್ಲ.

ಶಿವನಸಮುದ್ರದ ಮಾತು ಇಲ್ಲಿ ಏಕೆ ಬಂತೆಂದು ಓದುಗರು ಕೇಳಬಹುದು. ಅದಕ್ಕೆ ಕಾರಣವಿದೆ. ೧೮೩೧ರಲ್ಲಿ ಇಂಗ್ಲೆಂಡಿನ ಮೈಕೇಲ್ ಫ್ಯಾರಡೆ ಒಂದು ತತ್ತ್ವವನ್ನು ತೋರಿಸಿಕೊಟ್ಟ. ಅಯಸ್ಕಾಂತದ ಪ್ರಭಾವ ಒಂದು ತಂತಿಯ ಸುರುಳಿಯಲ್ಲಿ ಹೆಚ್ಚುಕಡಿಮೆಯಾಗುತ್ತಿದ್ದರೆ ಆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ ಎಂಬುದೇ ಆ ತತ್ತ್ವ. ಶಿವನಸಮುದ್ರದ ಯಂತ್ರದಲ್ಲಿ ಬೀಳುವ ನೀರು ಚಕ್ರವನ್ನು ತಿರುಗಿಸುತ್ತದೆ. ಅಯಸ್ಕಾಂತ ಮತ್ತು ಸುರುಳಿಗಳ ಆಟದಿಂದ ವಿದ್ಯುತ್ತು ಬರುತ್ತದೆ. ಬೇಸ್ ಗಿಟಾರಿನ ಒಡಲಲ್ಲಿಯೂ ನಡೆಯುವುದು ಇದೇ. ತಂತಿಗಳ ಅಡಿಯಲ್ಲಿ ‘ಪಿಕಪ್’ ಎಂಬ ಚಿಕ್ಕ ಪಟ್ಟಿ ಇರುತ್ತದೆ. ಅದರೊಳಗೆ ಅಯಸ್ಕಾಂತಗಳು, ಅವುಗಳ ಸುತ್ತ ಕೂದಲಿನಷ್ಟು ಸಣ್ಣ ತಾಮ್ರದ ತಂತಿಯ ಸಾವಿರಾರು ಸುತ್ತುಗಳು. ಮೇಲಿನ ಉಕ್ಕಿನ ತಂತಿಯನ್ನು ಮೀಟಿದಾಗ ಅದು ಅಯಸ್ಕಾಂತದ ಕ್ಷೇತ್ರವನ್ನು ಅಲುಗಿಸುತ್ತದೆ. ಸುರುಳಿಯಲ್ಲಿ ಒಂದು ವೋಲ್ಟಿಗಿಂತ ಕಡಿಮೆಯಾದ ಅಲ್ಪ ವಿದ್ಯುತ್ತು ಸುಳಿಯುತ್ತದೆ. ಅದನ್ನು ಆಂಪ್ಲಿಫೈಯರು ಹಿಗ್ಗಿಸಿ ಕಿವಿಗೆ ಮುಟ್ಟಿಸುತ್ತದೆ. ತಂತಿಯಲ್ಲಿ ಕಬ್ಬಿಣದ ಅಂಶ ಇಲ್ಲದಿದ್ದರೆ ಈ ಪಿಕಪ್ಪು ಕೇಳುವುದೇ ಇಲ್ಲ. ನೈಲಾನ್ ತಂತಿಗೆ ಅದು ಕಿವುಡು. ಅಲ್ಲಿ ನದಿ, ಇಲ್ಲಿ ಬೆರಳು, ವಿದ್ಯೆ ಒಂದೇ. ಬೇಸ್ ಗಿಟಾರ್ ಎಂಬುದು ಹೆಗಲಿಗೆ ಹಾಕಿಕೊಳ್ಳಬಹುದಾದ ಒಂದು ಪುಟ್ಟ ಶಿವನಸಮುದ್ರ ಎಂದರೆ ಅತಿಶಯೋಕ್ತಿಯಾಗಲಾರದು.

ನಾದದ ಕಥೆ ಹೀಗಾದರೆ, ಬಣ್ಣದ ಬೆಳಕಿನ ಕಥೆಯೂ ಈ ಜಿಲ್ಲೆಯಲ್ಲಿಯೇ ಸಿಕ್ಕುತ್ತದೆ. ಹಳ್ಳಿಯ ಬಯಲಾಟಕ್ಕೆ ಹಿಂದೆ ಇದ್ದದ್ದು ಪಂಜಿನ ಬೆಳಕು, ಆಮೇಲೆ ಗ್ಯಾಸ್‌ಲೈಟು. ಎರಡಕ್ಕೂ ಇದ್ದದ್ದು ಒಂದೊಂದೇ ಬಣ್ಣ. ವಿದ್ಯುತ್ತು ಬಂದ ಮೇಲೆ ನಾಟಕದವರು ದೀಪದ ಮುಂದೆ ಬಣ್ಣದ ಜಿಲೆಟಿನ್ ಹಾಳೆ ಹಿಡಿದು, ದುರ್ಯೋಧನನ ಪ್ರವೇಶಕ್ಕೆ ಕೆಂಪು, ಕೃಷ್ಣನ ಪ್ರವೇಶಕ್ಕೆ ನೀಲಿ ಚೆಲ್ಲಲು ಕಲಿತರು. ಪೌರಾಣಿಕ ನಾಟಕದ ಹುಚ್ಚು ಇಂದಿಗೂ ಬಿಡದ ಮಂಡ್ಯದ ಕಡೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಇನ್ನು ಬೃಂದಾವನ. ೧೯೧೧ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಟ್ಟೆಯ ಉದ್ದೇಶಗಳಲ್ಲಿ, ಹೊಲಗಳಿಗೆ ನೀರು ಕೊಡುವುದರ ಜೊತೆಗೆ, ಶಿವನಸಮುದ್ರದ ಯಂತ್ರಗಳಿಗೆ ಬೇಸಗೆಯಲ್ಲಿಯೂ ನೀರು ತಪ್ಪದಂತೆ ನೋಡುವುದೂ ಒಂದು. ಆ ಕಟ್ಟೆಯ ಅಡಿಯಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ, ೧೯೨೭ರಿಂದ ೧೯೩೨ರ ಒಳಗೆ, ಬೃಂದಾವನದ ತೋಟ ಎದ್ದಿತು. ಚಿಮ್ಮುವ ನೀರಿಗೆ ಬಣ್ಣಬಣ್ಣದ ಬೆಳಕು ಹಾಯಿಸಿದ್ದನ್ನು ನೋಡಲು ನಾಡೇ ನೆರೆಯಿತು. ಮುಂದೆ ಸಂಗೀತಕ್ಕೆ ತಕ್ಕಂತೆ ಕುಣಿಯುವ ಕಾರಂಜಿಯೂ ಅಲ್ಲಿಗೆ ಬಂದಿತು. ಸ್ವರಕ್ಕೆ ತಕ್ಕಂತೆ ಬಣ್ಣ ಬದಲಾಗಬೇಕೆಂಬ ಆಸೆ ಇಲ್ಲಿನ ಮಕ್ಕಳಿಗೆ ಶಾಲೆಯ ಪ್ರವಾಸದಲ್ಲಿಯೇ ಅಂಟಿಕೊಳ್ಳುತ್ತದೆ.

ಈ ಆಸೆ ಎಷ್ಟು ಹಳೆಯದೆಂಬುದನ್ನು ನೋಡಬೇಕಾದರೆ ಶಾಸ್ತ್ರಗ್ರಂಥಗಳನ್ನು ತೆರೆಯಬೇಕು. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಒಂದೊಂದು ರಸಕ್ಕೂ ಒಂದೊಂದು ಬಣ್ಣ ಹೇಳಿದ್ದಾನೆ. ಶೃಂಗಾರಕ್ಕೆ ಶ್ಯಾಮ, ಹಾಸ್ಯಕ್ಕೆ ಬಿಳುಪು, ಕರುಣಕ್ಕೆ ಪಾರಿವಾಳದ ಬೂದು, ರೌದ್ರಕ್ಕೆ ಕೆಂಪು, ಅದ್ಭುತಕ್ಕೆ ಹಳದಿ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಸೇವುಣ ದೊರೆ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ‘ಸಂಗೀತರತ್ನಾಕರ’ದಲ್ಲಿ ಏಳು ಸ್ವರಗಳಿಗೇ ಬಣ್ಣ ಕಟ್ಟಿದ್ದಾನೆ. ಷಡ್ಜಕ್ಕೆ ತಾವರೆಯ ಬಣ್ಣ, ಋಷಭಕ್ಕೆ ಹೊಂಗೆಂಪು, ಗಾಂಧಾರಕ್ಕೆ ಚಿನ್ನದ ಬಣ್ಣ, ಮಧ್ಯಮಕ್ಕೆ ಮಲ್ಲಿಗೆಯ ಜಾತಿಯ ಕುಂದದ ಬಿಳುಪು, ಪಂಚಮಕ್ಕೆ ಕಪ್ಪು, ಧೈವತಕ್ಕೆ ಹಳದಿ. ನಿಷಾದಕ್ಕೆ ಬಂದಾಗ ಅವನು ‘ಕರ್ಬುರ’ ಎನ್ನುತ್ತಾನೆ. ಕರ್ಬುರವೆಂದರೆ ಹಲವು ಬಣ್ಣಗಳ ಮಿಶ್ರ, ಚಿತ್ರವರ್ಣ. ಇಂದಿನ ಬಣ್ಣ ಬದಲಿಸುವ ದೀಪಕ್ಕೆ ಕನ್ನಡದಲ್ಲಿ ಒಂದು ಹೆಸರು ಬೇಕೆಂದರೆ ‘ಕರ್ಬುರದೀಪ’ ಎಂದು ಕರೆಯಬಹುದು. ಅಂಗಡಿಯವರಿಗೆ ಅರ್ಥವಾಗಲಿಕ್ಕಿಲ್ಲ, ಅದು ಬೇರೆ ಮಾತು.

ಪಶ್ಚಿಮದವರಿಗೂ ಇದೇ ಹಂಬಲವಿತ್ತು. ನ್ಯೂಟನ್ನನು ೧೭೦೪ರ ತನ್ನ ‘ಆಪ್ಟಿಕ್ಸ್’ ಗ್ರಂಥದಲ್ಲಿ ಕಾಮನಬಿಲ್ಲಿನ ಏಳು ಬಣ್ಣಗಳನ್ನು ಏಳು ಸ್ವರಗಳಿಗೆ ಹೋಲಿಸಿದ. ಫ್ರಾನ್ಸಿನ ಪಾದ್ರಿ ಲೂಯಿ ಬರ್ಟ್ರಾಂಡ್ ಕ್ಯಾಸ್ಟೆಲ್ ೧೭೨೫ರಲ್ಲಿ ಕಣ್ಣಿಗೆ ನುಡಿಯುವ ಹಾರ್ಪ್ಸಿಕಾರ್ಡ್ ಒಂದನ್ನು ಕಲ್ಪಿಸಿದ. ಅದರ ಮನೆ ಒತ್ತಿದರೆ ಪರದೆ ಸರಿದು ಒಂದು ಬಣ್ಣ ಕಾಣಬೇಕು ಎಂಬುದು ಅವನ ಆಸೆ. ಆ ಕಾಲಕ್ಕೆ ಅವನಿಗಿದ್ದ ಬೆಳಕು ಮೇಣದ ಬತ್ತಿಯದು ಮಾತ್ರ. ರಷ್ಯದ ಸ್ಕ್ರಿಯಾಬಿನ್ ೧೯೧೦ರಲ್ಲಿ ರಚಿಸಿದ ‘ಪ್ರೊಮಿಥಿಯಸ್’ ಎಂಬ ಕೃತಿಯಲ್ಲಿ ವಾದ್ಯಗಳ ಜೊತೆಗೆ ಬೆಳಕಿಗೂ ಒಂದು ಸ್ವರಪಂಕ್ತಿ ಬರೆದ. ಬಣ್ಣದ ಬೆಳಕಿನೊಡನೆ ಅದನ್ನು ನ್ಯೂಯಾರ್ಕಿನಲ್ಲಿ ೧೯೧೫ರಲ್ಲಿ ನುಡಿಸಿದರು. ಇವರೆಲ್ಲರಿಗೂ ಅಡ್ಡ ಬಂದ ತೊಡಕು ಒಂದೇ. ದೀಪ ದೊಡ್ಡದು, ಬಿಸಿ ಹೆಚ್ಚು, ಬಣ್ಣ ಬದಲಿಸಬೇಕಾದರೆ ಗಾಜನ್ನೋ ಪರದೆಯನ್ನೋ ಸರಿಸಬೇಕು. ಅಂಥ ದೀಪವನ್ನು ವಾದ್ಯದ ಮೈಗೆ ಅಂಟಿಸುವಂತಿರಲಿಲ್ಲ.

ಆ ತೊಡಕನ್ನು ಬಿಡಿಸಿದ್ದು ಎಲ್‌ಇಡಿ. ಇದರಲ್ಲಿ ಬಿಸಿಯಾಗಿ ಹೊಳೆಯುವ ಎಳೆ ಇಲ್ಲ. ವಿಶೇಷವಾಗಿ ಸಿದ್ಧಪಡಿಸಿದ ಹರಳಿನ ಮೂಲಕ ವಿದ್ಯುತ್ತು ಹಾಯುವಾಗ ಹರಳೇ ಬೆಳಕು ಸೂಸುತ್ತದೆ. ಯಾವ ಹರಳೋ ಆ ಬಣ್ಣ. ಇಂಗ್ಲೆಂಡಿನ ಎಚ್. ಜೆ. ರೌಂಡ್ ೧೯೦೭ರಲ್ಲಿಯೇ ಇಂಥ ಮಿಣುಕನ್ನು ಗಮನಿಸಿದ್ದ. ೧೯೨೦ರ ದಶಕದಲ್ಲಿ ರಷ್ಯದ ಒಲೆಗ್ ಲೋಸೆವ್ ಅದನ್ನು ಅಭ್ಯಾಸಮಾಡಿದ. ಅಮೆರಿಕದ ನಿಕ್ ಹೊಲೊನ್ಯಾಕ್ ೧೯೬೨ರಲ್ಲಿ ಕೆಂಪು ಬೆಳಕಿನ ಎಲ್‌ಇಡಿಯನ್ನು ಮಾಡಿ ತೋರಿಸಿದ. ಹಸಿರೂ ಬಂದಿತು, ನೀಲಿ ಮಾತ್ರ ಬಹುಕಾಲ ಸತಾಯಿಸಿತು. ಜಪಾನಿನ ಅಕಸಾಕಿ, ಅಮಾನೋ, ನಕಮುರಾ ಈ ಮೂವರ ಪರಿಶ್ರಮದಿಂದ ೧೯೯೦ರ ದಶಕದ ಆರಂಭದಲ್ಲಿ ಪ್ರಕಾಶಮಾನವಾದ ನೀಲಿ ಸಿದ್ಧವಾಯಿತು. ಅದಕ್ಕಾಗಿ ಅವರಿಗೆ ೨೦೧೪ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಕೆಂಪು, ಹಸಿರು, ನೀಲಿ ಮೂರೂ ಕೈಗೆ ಸಿಕ್ಕಿದ ಮೇಲೆ ಮಿಕ್ಕ ಬಣ್ಣಗಳೆಲ್ಲ ಅವುಗಳ ಮಿಶ್ರಣದಿಂದ ಬಂದವು. ೨೦೧೫ರಲ್ಲಿ ನಮ್ಮ ರಾಜ್ಯದಲ್ಲಿ ‘ಹೊಸ ಬೆಳಕು’ ಯೋಜನೆಯ ಮೂಲಕ ಎಲ್‌ಇಡಿ ಬಲ್ಬು ಮನೆಮನೆಗೆ ಬಂದಾಗ, ಅದರ ತಮ್ಮಂದಿರಾದ ಸಾಸಿವೆ ಗಾತ್ರದ ದೀಪಗಳು ಆಟಿಗೆಗಳಲ್ಲಿ, ದೇವರ ಮಂಟಪಗಳಲ್ಲಿ, ಟ್ರ್ಯಾಕ್ಟರುಗಳ ಮುಖದಲ್ಲಿ ಆಗಲೇ ಮಿನುಗುತ್ತಿದ್ದವು. ಅಲ್ಲಿಂದ ಗಿಟಾರಿನ ಕೊರಳಿಗೆ ಒಂದೇ ಹೆಜ್ಜೆ.

ಆ ಹೆಜ್ಜೆ ಕಾಣುವಷ್ಟು ಸುಲಭವಲ್ಲ. ನನ್ನಲ್ಲಿ ಹಳಗನ್ನಡ ಓದಿದ ಹಳೆಯ ವಿದ್ಯಾರ್ಥಿಯೊಬ್ಬ ಇಲ್ಲಿನ ವಾದ್ಯಗೋಷ್ಠಿಗಳಲ್ಲಿ ಬೇಸ್ ನುಡಿಸುತ್ತಾನೆ. ರೇಡಿಯೋ, ಮೈಕ್‌ಸೆಟ್ಟುಗಳ ರಿಪೇರಿಯನ್ನೂ ಕಲಿತವನು. ತನ್ನ ವಾದ್ಯಕ್ಕೆ ತಾನೇ ದೀಪ ಕೂಡಿಸಿದ ಬಗೆಯನ್ನು ಅವನು ನನಗೆ ವಿವರಿಸಿದ. ಒಂದೇ ಮಣಿಯೊಳಗೆ ಕೆಂಪು, ಹಸಿರು, ನೀಲಿ ಮೂರು ಹರಳುಗಳಿರುವ ಎಲ್‌ಇಡಿಯನ್ನು ತೆಗೆದುಕೊಳ್ಳಬೇಕು. ೯ ವೋಲ್ಟಿನ ಬ್ಯಾಟರಿಯನ್ನು ಅದಕ್ಕೆ ನೇರವಾಗಿ ಕೊಟ್ಟರೆ ಅದು ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಕೆಂಪು ಹರಳಿಗೆ ಬೇಕಾದದ್ದು ಸುಮಾರು ೨ ವೋಲ್ಟು, ಹಸಿರು ನೀಲಿಗಳಿಗೆ ಸುಮಾರು ೩. ಉಳಿದ ವೋಲ್ಟುಗಳನ್ನು ಹೊರಲು ನಡುವೆ ಒಂದು ರೆಸಿಸ್ಟರ್ ಬೇಕು. ಹತ್ತು ಮಿಲಿಆಂಪಿಯರ್ ಹರಿಯಬೇಕೆಂದರೆ ಕೆಂಪಿಗೆ ೭೦೦ ಓಮ್, ಮಿಕ್ಕವಕ್ಕೆ ೬೦೦ ಓಮ್ ಎಂದು ಲೆಕ್ಕ. ಅಂಗಡಿಯಲ್ಲಿ ಅದರ ಸಮೀಪದ ಬೆಲೆಯದು ಸಿಕ್ಕುತ್ತದೆ. ಕಾಗದದ ಮೇಲೆ ಇದು ಹೈಸ್ಕೂಲಿನ ಲೆಕ್ಕವೇ.

ನಿಜವಾದ ಕಷ್ಟ ಬಂದದ್ದು ಆಮೇಲೆ. ದೀಪ ಹೊತ್ತಿತು, ಬಣ್ಣ ಬದಲಾಯಿತು. ಜೊತೆಗೇ ವಾದ್ಯದೊಳಗಿಂದ ದುಂಬಿಯ ಝೇಂಕಾರದಂತೆ ಒಂದು ದನಿ ಎದ್ದು ಕುಳಿತಿತು. ಕಾರಣ ಹೀಗೆ. ಬಣ್ಣ ಮೆಲ್ಲನೆ ತಿರುಗಬೇಕಾದರೆ ಒಂದೊಂದು ಹರಳಿನ ಬೆಳಕನ್ನೂ ಏರಿಸಿ ಇಳಿಸಬೇಕು. ಅದಕ್ಕಾಗಿ ಒಳಗಿನ ಪುಟ್ಟ ಯಂತ್ರ ಆ ಹರಳನ್ನು ಸೆಕೆಂಡಿಗೆ ನೂರಾರು ಸಲ ಹೊತ್ತಿಸಿ ಆರಿಸುತ್ತದೆ. ಕಣ್ಣಿಗೆ ಅದು ತಿಳಿಯದು. ನಮ್ಮ ಕಣ್ಣು ಮಿಣುಕುಗಳನ್ನು ಕೂಡಿಸಿ ಒಂದೇ ಬೆಳಕಾಗಿ ಕಾಣುತ್ತದೆ. ಆದರೆ ಪಿಕಪ್ಪಿನ ತಾಮ್ರದ ಸುರುಳಿಗೆ ಮೋಸ ಮಾಡುವುದು ಸಾಧ್ಯವಿಲ್ಲ. ಅದು ಫ್ಯಾರಡೆಯ ಶಿಷ್ಯ. ಹತ್ತಿರದ ತಂತಿಯಲ್ಲಿ ವಿದ್ಯುತ್ತು ಏರಿಳಿದರೆ ಅದನ್ನೂ ನಾದವೆಂದೇ ಎತ್ತಿಕೊಂಡು ಆಂಪ್ಲಿಫೈಯರಿಗೆ ಒಪ್ಪಿಸುತ್ತದೆ. ಹೀಗೆ ಕಣ್ಣಿಗೆ ಇಟ್ಟ ದೀಪ ಕಿವಿಯೊಳಗೆ ನುಗ್ಗಿತು.

ವೇದಿಕೆಯ ವಿದ್ಯುತ್ತಿನಿಂದಲೂ ಇಂಥದೇ ಉಪದ್ರವವುಂಟು. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು ಸೆಕೆಂಡಿಗೆ ೫೦ ಆವರ್ತಗಳದು. ಅರ್ತಿಂಗ್ ಸರಿಯಿಲ್ಲದ ಕಡೆ ಅದು ೫೦ ಮತ್ತು ೧೦೦ರ ಕಂಪನದಲ್ಲಿ ಗೊಣಗುತ್ತದೆ. ಬೇಸಿನ ದಪ್ಪ ತಂತಿಯನ್ನು ಮೂರನೆಯ ಮೆಟ್ಟಿಲಿನಲ್ಲಿ ಒತ್ತಿದರೆ ಬರುವ ಜಿ ಸ್ವರಕ್ಕೆ ೪೯ ಕಂಪನ. ತೆಳ್ಳನೆಯ ತಂತಿಯ ಬಿಡಿಮೀಟಿಗೆ ೯೮. ಅಂದರೆ ವಿದ್ಯುತ್ತಿನ ಗೊಣಗು ಈ ವಾದ್ಯದ ಸ್ವರಗಳ ಪಕ್ಕದಲ್ಲಿಯೇ, ತುಸು ಏರಿದ ಅಪಶ್ರುತಿಯಾಗಿ, ನಿಂತಿರುತ್ತದೆ. ಕೊಳಲಿಗೋ ಪಿಟೀಲಿಗೋ ಈ ಸಂಕಟ ಇಷ್ಟಿಲ್ಲ. ಅವುಗಳ ಸಂಚಾರ ಮೇಲೆ. ಮಂದ್ರದವನಿಗೆ ಮಾತ್ರ ತನ್ನ ಅಂಗಳದಲ್ಲಿಯೇ ಕಳ್ಳನ ಕಾಟ.

ನನ್ನ ಶಿಷ್ಯ ಇದಕ್ಕೆ ಹಲವು ರಾತ್ರಿ ಕುಳಿತ. ದೀಪಕ್ಕೆ ಬೇರೆಯದೇ ಬ್ಯಾಟರಿ ಇಟ್ಟ. ವಾದ್ಯದ ನಾದ ಹೋಗುವ ತಂತಿಗೂ ದೀಪದ ತಂತಿಗೂ ಸಂಬಂಧ ತಪ್ಪಿಸಿದ. ದೀಪದ ಎರಡು ತಂತಿಗಳನ್ನು ಜಡೆಯಂತೆ ಹೆಣೆದ. ಹಾಗೆ ಹೆಣೆದರೆ ಒಂದರ ಪ್ರಭಾವವನ್ನು ಇನ್ನೊಂದು ಬಹುಮಟ್ಟಿಗೆ ಅಳಿಸುತ್ತದೆ. ಪಿಕಪ್ಪಿನ ಗೂಡಿನ ಒಳಗೋಡೆಗೆ ತಾಮ್ರದ ತಗಡು ಹೊದಿಸಿ ಅದನ್ನು ಅರ್ತಿಗೆ ಕೂಡಿಸಿದ. ಬಣ್ಣ ತಿರುಗಿಸುವ ಪುಟ್ಟ ಯಂತ್ರವನ್ನು ಪಿಕಪ್ಪಿನಿಂದ ದೂರಕ್ಕೆ, ಪಟ್ಟಿ ಕಟ್ಟುವ ತುದಿಗೆ ಸರಿಸಿದ. ಮೂರೂ ಹರಳು ಒಟ್ಟಿಗೆ ಹೊತ್ತಿದರೂ ಮೂವತ್ತು ಮಿಲಿಆಂಪಿಯರ್. ಒಂದು ಹೊಸ ಬ್ಯಾಟರಿ ಮೂರು ನಾಲ್ಕು ರಾತ್ರಿಗಳ ಕಾರ್ಯಕ್ರಮಕ್ಕೆ ಸಾಕು. ಕೊನೆಗೆ ಝೇಂಕಾರ ಅಡಗಿತು. ಬೆಳಕು ಬೆಳಕಿನ ಜಾಗದಲ್ಲಿ ನಿಂತಿತು, ನಾದ ನಾದದ ಜಾಗದಲ್ಲಿ.

ಇಷ್ಟೆಲ್ಲ ಕಷ್ಟಪಟ್ಟು ಈ ದೀಪ ಏತಕ್ಕಪ್ಪ ಎಂದು ನಾನು ಕೇಳಿದೆ. ಅವನು ಒಂದು ಗಳಿಗೆ ಸುಮ್ಮನಿದ್ದು, ‘ಹತ್ತು ವರ್ಷದಿಂದ ಬಾರುಸ್ತಾವ್ನಿ ಸಾ, ಇಲ್ಲೀಗಂಟ ಒಂದು ಪೋಟದಲ್ಲೂ ನನ್ ಮಖ ಬಂದಿಲ್ಲ. ನಮ್ಮವ್ವ ಬಂದು ಮುಂದ್ಗಡೆ ಕೂತ್ಕಂಡಿದ್ರೂ, ನೀನು ಎಲ್ಲಿದ್ದೆ ಮಗಾ ಅಂತ ಕೇಳ್ತದೆ’ ಎಂದ. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಗಾಯಕನ ಮೇಲೆ ಬೆಳಕು, ಗಾಯಕಿಯ ಮೇಲೆ ಬೆಳಕು. ಹಿಮ್ಮೇಳದವನ ಮೇಲೆ ಕತ್ತಲೆ. ಜನ ಹೂಮಾಲೆ ಹಾಕುವುದು ಮುಂದೆ ನಿಂತವರಿಗೆ. ಆದರೆ ಒಮ್ಮೆ ಆಲೋಚಿಸಿದರೆ ಮಳವಳ್ಳಿಯ ಕಥೆಗೂ ಈ ಹುಡುಗನ ಕಥೆಗೂ ಅಂತರವೇನಿದೆ? ನಾಡಿನ ಮೊದಲ ದೊಡ್ಡ ಬೆಳಕನ್ನು ಕೊಟ್ಟ ನೆಲ ದಶಕಗಳ ಕಾಲ ಬುಡ್ಡಿದೀಪದಲ್ಲಿ ಊಟ ಮಾಡಿತು. ಹಾಡಿಗೆ ನೆಲೆ ಕೊಡುವ ತಂತಿ ಹಾಡಿನ ಮೆರವಣಿಗೆಯಲ್ಲಿ ಕಾಣಸಿಗದೆ ಹೋಯಿತು. ಹೊರುವವರನ್ನು ನೋಡದಿರುವುದು ನಮಗೆಲ್ಲ ಅಭ್ಯಾಸವಾಗಿಬಿಟ್ಟಿದೆ. ಅಂಥವನು ತಾನಾಗಿ ಒಂದು ದೀಪ ಹಚ್ಚಿಕೊಂಡು ‘ನಾನಿಲ್ಲಿದ್ದೇನೆ’ ಎಂದರೆ ಅದನ್ನು ಆಡಂಬರವೆಂದು ಹೇಗೆ ಹಳಿಯುವುದು? ನಮ್ಮ ಹಿರಿಯರು ವೀಣೆಗೆ ಯಾಳಿಯ ಮುಖ ಕೆತ್ತಿದರು, ದಂತದ ಕುಸುರಿ ಕೂರಿಸಿದರು. ಅದರಿಂದ ವೀಣೆಯ ನಾದಕ್ಕೆ ಏನೂ ಕೂಡಲಿಲ್ಲ, ಏನೂ ಕಳೆಯಲಿಲ್ಲ. ವಾದ್ಯಕ್ಕೆ ಸಲ್ಲಬೇಕಾದ ಗೌರವ ಸಂದಿತು.

ಆದರೂ ಒಂದು ಎಚ್ಚರ ಬೇಕು. ಬೆಳಕು ನಾದಕ್ಕೆ ಅಡ್ಡ ಬರಬಾರದು. ಕಿವಿಗೆ ಮಾತ್ರವಲ್ಲ, ಮನಸ್ಸಿಗೂ. ಶೋಕದ ಹಾಡಿಗೆ ಕುಣಿಯುವ ಕೆಂಪು ಹಸಿರು ಸಲ್ಲದು. ಭರತಮುನಿ ಕರುಣಕ್ಕೆ ಪಾರಿವಾಳದ ಬೂದು ಬಣ್ಣವನ್ನು ಸುಮ್ಮನೆ ಹೇಳಲಿಲ್ಲ. ದೀಪಕ್ಕೆ ಒಂದು ಸ್ವಿಚ್ಚು ಇರಲೇಬೇಕು, ಅದನ್ನು ಆರಿಸುವ ವಿವೇಕವೂ ಇರಬೇಕು. ಈ ಮಾತನ್ನು ನನ್ನ ಶಿಷ್ಯ ಒಪ್ಪಿದ. ದೀಪ ಒಂದೇ ಬಣ್ಣದಲ್ಲಿ ನಿಲ್ಲುವಂತೆ ಈಗ ಒಂದು ಗುಂಡಿಯನ್ನೂ ಇಟ್ಟುಕೊಂಡಿದ್ದಾನೆ.

ನಾದಕ್ಕೆ ಸೇವೆ ಮಾಡುವ ಬೆಳಕು ಹೇಗಿರಬೇಕೆಂಬುದನ್ನು ರೇಡಿಯೋ ಇಟ್ಟುಕೊಂಡಿದ್ದ ಹಳೆಯ ಮನೆಗಳವರು ಬಲ್ಲರು. ೧೯೩೫ರಲ್ಲಿ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ತಮ್ಮ ಬಾನುಲಿ ಕೇಂದ್ರವನ್ನು ಆರಂಭಿಸಿದ ಸುಮಾರಿಗೇ, ರೇಡಿಯೋ ಪೆಟ್ಟಿಗೆಗಳಲ್ಲಿ ‘ಮ್ಯಾಜಿಕ್ ಐ’ ಎಂಬ ಹಸಿರು ಕಣ್ಣು ಬರಲು ಮೊದಲಾಯಿತು. ನಿಲಯ ಸರಿಯಾಗಿ ಸಿಕ್ಕಿದಾಗ ಆ ಹಸಿರು ಕೂಡಿಕೊಂಡು ತುಂಬುತ್ತಿತ್ತು, ಸರಿದರೆ ಬಿರಿಯುತ್ತಿತ್ತು. ಅದನ್ನು ನೋಡಿ ತಿರುಗುಗುಂಡಿಯನ್ನು ನಿಲ್ಲಿಸಿ, ಆಮೇಲೆ ಯಾರೂ ಆ ಕಣ್ಣನ್ನು ನೋಡುತ್ತ ಕೂರುತ್ತಿರಲಿಲ್ಲ; ಹಾಡು ಕೇಳುತ್ತಿದ್ದರು. ಇಂದು ಗಿಟಾರಿನ ತಲೆಗೆ ಸಿಕ್ಕಿಸುವ ಶ್ರುತಿಮಾಪಕದಲ್ಲಿಯೂ ತಂತಿ ಸರಿಗೂಡಿದಾಗ ಹಸಿರು ಹೊತ್ತುತ್ತದೆ. ಈ ಎರಡೂ ಶ್ರುತಿಯನ್ನು ಕಾಯುವ ದೀಪಗಳು.

ಮಂಡ್ಯದ ಕಡೆ ಮುಂದಿನ ರಸಮಂಜರಿಗೆ ಹೋದಾಗ, ವೇದಿಕೆಯ ಹಿಂದೆ ಬಣ್ಣ ಬದಲಿಸುವ ದೀಪವೊಂದು ಕಂಡರೆ ಗೊಣಗುವ ಮೊದಲು ಕಣ್ಣು ಮುಚ್ಚಿ ಆ ನಾಲ್ಕು ತಂತಿಗಳ ದನಿಯನ್ನು ಹುಡುಕಿ. ಅದು ಸಿಕ್ಕಿತೆಂದರೆ ದೀಪ ತನ್ನ ಕೆಲಸ ಮಾಡಿದಂತೆ. ಆಮೇಲೆ ಕಣ್ಣು ತೆರೆದು ನುಡಿಸುವವನ ಮುಖವನ್ನೂ ಒಮ್ಮೆ ನೋಡಿ.